ಗಾಯಕ್ಕೂ ನೆಲ ಹದ ಮಾಡಬೇಕು

ನಮ್ಮಲ್ಲಿ ತುಂಬಾ ಜನರ ಮನೆಯಲ್ಲಿ ಶುಗರ್ ಇರೋರು ಒಬ್ಬರಾದರೂ ಇರ್ತಾರೆ. ಅವರ ಪಾದದ ಗಾಯ ತಿಂಗಳಾದರೂ ಮಾಯದಿದ್ದಾಗ ನಾವು ಕೇಳೋದು ಒಂದೇ: 'ತೊಡೆಯ ಚರ್ಮ ತೆಗೆದು ಇಲ್ಲಿ ಹಾಕಬಹುದಲ್ವಾ?' ಹಾಕಬಹುದು. ಆದರೆ ಡಾಕ್ಟರ್ ಸಾಮಾನ್ಯವಾಗಿ 'ಸ್ವಲ್ಪ ಕಾಯಿರಿ' ಅಂತಾರೆ. ಯಾಕೆ?

ಹೀಗೆ ಕಸಿ ಮಾಡುವ ತೆಳು ಚರ್ಮ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಅದಕ್ಕೆ ಸ್ವಂತ ರಕ್ತ ಸಂಪರ್ಕವಿಲ್ಲ. ಮೊದಲ ಒಂದೆರಡು ದಿನ ಕೆಳಗಿನ ಗಾಯದಿಂದ ಒಸರುವ ದ್ರವ ಹೀರಿಕೊಂಡೇ ಬದುಕುತ್ತದೆ. ಆಮೇಲೆ ಕೆಳಗಿನ ರಕ್ತನಾಳಗಳು ಬಂದು ಕೂಡಿಕೊಳ್ಳಬೇಕು. ಗದ್ದೆ ಹದ ಮಾಡದೆ ನಾಟಿ ಮಾಡಿದರೆ ಸಸಿ ಬೇರು ಹಿಡಿಯಲ್ಲ, ಇದೂ ಹಾಗೇ.

ಮೊದಲು ಕಾಲಿಗೆ ರಕ್ತ ಬರ್ತಿದೆಯಾ ಅಂತ ನೋಡ್ತಾರೆ. ಕಣಕಾಲಿನ ಬಿ.ಪಿ.ಯನ್ನು ತೋಳಿನ ಬಿ.ಪಿ. ಜೊತೆ ಹೋಲಿಸುತ್ತಾರೆ. ಶುಗರ್ ಇರೋರಲ್ಲಿ ರಕ್ತನಾಳ ಗಟ್ಟಿಯಾಗಿದ್ದರೆ ರೀಡಿಂಗ್ ಸುಳ್ಳೇ ಜಾಸ್ತಿ ತೋರಿಸಬಹುದು, ಅದಕ್ಕೆ ಕಾಲ್ಬೆರಳಿನ ಒತ್ತಡವನ್ನೂ ಅಳೆಯುತ್ತಾರೆ. ನಂತರ ಸತ್ತ ಅಂಗಾಂಶವನ್ನು ಕೆರೆದು ತೆಗೆದು, ಸೋಂಕನ್ನು ಹತೋಟಿಗೆ ತರುತ್ತಾರೆ. ಒಂದು ಗ್ರಾಂ ಅಂಗಾಂಶದಲ್ಲಿ ಬ್ಯಾಕ್ಟೀರಿಯಾ ಸುಮಾರು 1 ಲಕ್ಷ ದಾಟಿದರೆ ಕಸಿ ಸೋಲುವ ಸಾಧ್ಯತೆ ಹೆಚ್ಚು.

ಇಲ್ಲಿಂದ ನಮ್ಮ ಸಬ್ಜೆಕ್ಟ್ ಶುರು. ಅಮೆರಿಕದ ಅರ್ಜೆಂಟಾ ಮತ್ತು ಮೋರಿಕ್ವಾಸ್ 1997ರಲ್ಲಿ ಒಂದು ವಿಧಾನ ಪ್ರಕಟಿಸಿದರು. ಗಾಯದೊಳಗೆ ಸ್ಪಾಂಜ್ ಇಟ್ಟು, ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಪಂಪಿನಿಂದ ಎಳೆಯೋದು. ಒಳಗಿನ ಒತ್ತಡ ಹೊರಗಿನದಕ್ಕಿಂತ 125 ಮಿ.ಮೀ. ಪಾದರಸದಷ್ಟು ಕಡಿಮೆ. ಕೊಳೆ ನೀರು ಹೊರಬರುತ್ತೆ, ಊತ ಇಳಿಯುತ್ತೆ, ಅಂಚುಗಳು ಹತ್ತಿರವಾಗುತ್ತವೆ, ತಳದಲ್ಲಿ ಕೆಂಪಗೆ ಹೊಸ ಮಾಂಸ ಬೆಳೆಯುತ್ತೆ. ಕಸಿ ಹಾಕಿದ ಮೇಲೂ ಇದೇ ಪಂಪ್ ಚರ್ಮವನ್ನು ಅಲುಗಾಡದಂತೆ ಒತ್ತಿ ಹಿಡಿಯುತ್ತೆ, ಅಡಿಯಲ್ಲಿ ನೀರು ನಿಲ್ಲೋಕೆ ಬಿಡಲ್ಲ. ಹಾಗಂತ ಸತ್ತ ಅಂಗಾಂಶ ಉಳಿದಿರುವ ಗಾಯಕ್ಕೆ ಪಂಪ್ ಹಾಕುವಂತಿಲ್ಲ. ಮೆಷಿನ್ ಬಂತು ಅಂತ ಕೆರೆಯುವ ಕೆಲಸ ತಪ್ಪಲ್ಲ.

ಇನ್ನೊಂದು ವಿಷಯ ಬರೀ ಮೆಕ್ಯಾನಿಕ್ಸ್: ಭಾರ. ನರ ಜಡವಾದ ಪಾದಕ್ಕೆ ನೋವೇ ಗೊತ್ತಾಗಲ್ಲ, ಹಾಗಾಗಿ ಅವರು ಗಾಯದ ಮೇಲೇ ನಡೀತಾರೆ. ಪ್ಲಾಸ್ಟರ್ ಅಥವಾ ವಿಶೇಷ ಚಪ್ಪಲಿಯಿಂದ ಆ ಜಾಗದ ಭಾರ ಇಳಿಸದಿದ್ದರೆ ಮೇಲಿನ ಅಷ್ಟೂ ಕೆಲಸ ನೀರಲ್ಲಿ ಹೋಮ.

ಆದ್ದರಿಂದ 'ಕಾಯಿರಿ' ಅಂದರೆ ಸುಮ್ಮನೆ ಕೂರೋದಲ್ಲ, ನೆಲ ಹದ ಮಾಡೋ ಸಮಯ. ಈ ಸಲ ಊರಿಗೆ ಹೋದಾಗ ಅಜ್ಜಿಯ ಅಂಗಾಲು ಒಮ್ಮೆ ತಿರುಗಿಸಿ ನೋಡೋಣ. ಗಾಯ ಕಂಡರೆ, ನೋವಿಲ್ಲ ಅಂದರೂ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗೋಣ.