ಕಾರಣವರಿಯದೆ ಬಿಡಿಭಾಗ ಬದಲಿಸುವುದು ತರವೇ?

ಇಂದು ನಮ್ಮ ಸಮಾಜದ ಅನೇಕ ಮನೆಗಳ ಅಂಗಳದಲ್ಲಿ ಕಾರು ನಿಂತಿದೆ. ಕೆಲವರಿಗೆ ಅದು ಅನುಕೂಲದ ವಸ್ತು. ಇನ್ನು ಕೆಲವರಿಗೆ ಅದೇ ಅನ್ನದ ದಾರಿ. ಬಾಡಿಗೆ ಕಾರು ಓಡಿಸಿ ಸಂಸಾರ ಸಾಗಿಸುವ ಕಾಯಕಜೀವಿಯ ಇಂಜಿನ್ ಮುಂಜಾನೆ ಚಾಲೂ ಆಗದಿದ್ದರೆ ಅಂದಿನ ದುಡಿಮೆ ಅಲ್ಲಿಗೇ ನಿಂತಿತು. ಹಳ್ಳಿಯಲ್ಲಿ ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಅದೇ ಇಂಜಿನ್ ಮೌನ ತಾಳಿದರೆ ಒದಗುವ ಆತಂಕವನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಧಾರ್ಮಿಕ ಮಾಸಪತ್ರಿಕೆಯಲ್ಲಿ ಯಂತ್ರದ ಮಾತೇಕೆ ಎಂದು ವಾಚಕರು ಭಾವಿಸಬಾರದು. ಕಾಯಕಕ್ಕೆ ಪೂಜೆಯ ಸ್ಥಾನವನ್ನಿತ್ತ ಪರಂಪರೆಗೆ ಕಾಯಕದ ಸಾಧನವೂ ಚಿಂತನೆಯ ವಿಷಯವೇ.

ವಾಹನ ಹಟ ಮಾಡಿದರೆ ದೃಷ್ಟಿ ತಾಗಿತೆಂದೋ ಅಮಾವಾಸ್ಯೆಯ ಪ್ರಭಾವವೆಂದೋ ಹೇಳಿ ನಿಂಬೆಹಣ್ಣು ಕಟ್ಟುವವರು ನಮ್ಮಲ್ಲಿ ಇನ್ನೂ ಇದ್ದಾರೆ. ತಿಥಿ, ವಾರ, ನಕ್ಷತ್ರಗಳ ಭಯವನ್ನು ಬಸವಾದಿ ಶರಣರು ೧೨ನೆಯ ಶತಮಾನದಲ್ಲಿಯೇ ತಿರಸ್ಕರಿಸಿದರು. ಆದರೆ ವಿದ್ಯಾವಂತರಲ್ಲಿ ಇನ್ನೊಂದು ಬಗೆಯ ಮೂಢನಂಬಿಕೆ ಬೆಳೆದಿದೆ. ಕಾರಣವನ್ನು ಹುಡುಕದೆ ಹೊಸ ಬ್ಯಾಟರಿ ಹಾಕಿಸುವುದು, ಅದೂ ಫಲಿಸದಿದ್ದರೆ ಮತ್ತೊಂದು ಭಾಗವನ್ನು ಬದಲಿಸುವುದು. ನಿಂಬೆಹಣ್ಣಿಗೂ ಇದಕ್ಕೂ ಇರುವ ಅಂತರ ಬೆಲೆಯಲ್ಲಿ ಮಾತ್ರ.

ವೈದ್ಯನ ಕ್ರಮ

ಶರಣ ಸಮೂಹದಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರು. ವೈದ್ಯವೃತ್ತಿಯೇ ಅವರ ಕಾಯಕ. ಬಲ್ಲ ವೈದ್ಯನು ರೋಗಿಯನ್ನು ಕಂಡೊಡನೆ ಔಷಧ ಅರೆಯುವುದಿಲ್ಲ. ಮೊದಲು ಕೇಳುತ್ತಾನೆ, ಬಳಿಕ ನಾಡಿ ನೋಡುತ್ತಾನೆ, ಅನಂತರವೇ ಔಷಧದ ಮಾತು. ಹಟಮಾರಿ ಇಂಜಿನ್ನಿಗೂ ಇದೇ ಕ್ರಮ ಸಲ್ಲುತ್ತದೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕೀಲಿಕೈ ತಿರುಗಿಸಿದಾಗ ಇಂಜಿನ್ ಎಲ್ಲಿಯವರೆಗೆ ಬಂದು ನಿಲ್ಲುತ್ತದೆ? ಏನೂ ತಿರುಗದೆ ಬರಿಯ ‘ಟಿಕ್’ ಎಂಬ ಸದ್ದು ಬರುವುದು ಅಥವಾ ಆಯಾಸಗೊಂಡಂತೆ ನಿಧಾನವಾಗಿ ತಿರುಗುವುದು ಒಂದು ಲಕ್ಷಣ. ವೇಗವಾಗಿ ತಿರುಗಿದರೂ ಹೊತ್ತಿಕೊಳ್ಳದಿರುವುದು ಎರಡನೆಯದು. ಹೊತ್ತಿಕೊಂಡು ಕ್ಷಣದಲ್ಲಿಯೇ ನಂದಿಹೋಗುವುದು ಮೂರನೆಯದು. ಜೊತೆಗೆ ಕಾಲವನ್ನೂ ಗಮನಿಸಬೇಕು. ತಣ್ಣಗಿನ ಮುಂಜಾನೆಯೋ, ಬಿಸಿಲಲ್ಲಿ ಓಡಿಸಿ ನಿಲ್ಲಿಸಿದ ಮೇಲೋ, ಮಳೆಯ ದಿನವೋ, ತಿಂಗಳುಗಟ್ಟಲೆ ನಿಂತ ಬಳಿಕವೋ? ಇಷ್ಟನ್ನು ಗುರುತಿಸಿದರೆ ಅರ್ಧ ಪರೀಕ್ಷೆ ಮುಗಿದಂತೆಯೇ.

ಇಂಜಿನ್ ತಿರುಗದಿದ್ದರೆ

ಹಿಂದೆ ಮೋಟಾರು ಗಾಡಿಗಳನ್ನು ಮುಂಭಾಗದಲ್ಲಿ ಹ್ಯಾಂಡಲ್ ತೂರಿಸಿ ಕೈಯಿಂದಲೇ ತಿರುಗಿಸಬೇಕಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಚಾಲಕವನ್ನು ೧೯೧೨ರ ಕ್ಯಾಡಿಲಾಕ್ ಕಾರಿಗೆ ಅಳವಡಿಸಲಾಯಿತು. ನಮ್ಮ ಹಳೆಯ ಅಂಬಾಸಿಡರ್ ಕಾರುಗಳಲ್ಲಿ ಎರಡೂ ಇದ್ದವು. ಬ್ಯಾಟರಿ ಸೋತಾಗ ಹ್ಯಾಂಡಲ್ ನೆರವಿಗೆ ಬರುತ್ತಿತ್ತು. ಇಂದಿನ ಕಾರುಗಳಿಗೆ ಆ ಆಸರೆ ಇಲ್ಲ. ಇಂಜಿನ್ನನ್ನು ತಿರುಗಿಸುವ ಪೂರ್ಣ ಭಾರ ಬ್ಯಾಟರಿ, ಅದರ ತಂತಿಗಳು ಮತ್ತು ಸ್ಟಾರ್ಟರ್ ಮೋಟಾರಿನ ಮೇಲಿದೆ.

ಒಂದು ಸುಲಭ ಪರೀಕ್ಷೆಯನ್ನು ಯಾರೂ ಮಾಡಬಹುದು. ಮುಂದಿನ ದೀಪಗಳನ್ನು ಹೊತ್ತಿಸಿ ಕೀಲಿಕೈ ತಿರುಗಿಸಬೇಕು. ದೀಪ ಪೂರ್ತಿ ಮಂಕಾದರೆ ಬ್ಯಾಟರಿ ಬರಿದಾಗಿದೆ, ಇಲ್ಲವೇ ಸಂಪರ್ಕ ಕೆಟ್ಟಿದೆ. ದೀಪ ಚೆನ್ನಾಗಿಯೇ ಉರಿಯುತ್ತ ಇಂಜಿನ್ ಮಾತ್ರ ತಿರುಗದಿದ್ದರೆ ಸ್ಟಾರ್ಟರ್ ಅಥವಾ ಅದಕ್ಕೆ ಹೋಗುವ ತಂತಿಯತ್ತ ನೋಡಬೇಕು. ಮೀಟರ್ ಇದ್ದರೆ ಇನ್ನೂ ನಿಖರ. ಕೆಲವು ಗಂಟೆ ವಿಶ್ರಾಂತಿ ಪಡೆದ ಪೂರ್ಣ ಬ್ಯಾಟರಿ ಸುಮಾರು ೧೨.೬ ವೋಲ್ಟ್ ತೋರಿಸುತ್ತದೆ, ೧೨.೨ ಇದ್ದರೆ ಅರ್ಧದಷ್ಟು ಶಕ್ತಿ ಉಳಿದಿದೆಯೆಂದು ತಿಳಿಯಬೇಕು. ಇಂಜಿನ್ ತಿರುಗುವಾಗ ಅದು ೯.೬ಕ್ಕಿಂತ ಕೆಳಗಿಳಿಯಬಾರದು. ಚಾಲೂ ಆದ ಮೇಲೆ ೧೩.೮ರಿಂದ ೧೪.೪ರ ಆಸುಪಾಸಿನಲ್ಲಿದ್ದರೆ ಬ್ಯಾಟರಿ ತುಂಬುವ ವ್ಯವಸ್ಥೆ ಸರಿಯಿದೆ ಎಂದರ್ಥ.

ನಮ್ಮ ಮಠದ ಭಕ್ತರೊಬ್ಬರು ಬಾಡಿಗೆ ಕಾರು ಓಡಿಸಿ ಜೀವನ ನಡೆಸುವವರು. ಅವರ ಕಾರು ಮುಂಜಾನೆ ‘ಟಿಕ್’ ಎಂದು ಸುಮ್ಮನಾಗುತ್ತಿತ್ತು. ಮೊದಲನೆಯ ಗ್ಯಾರೇಜಿನಲ್ಲಿ ಹೊಸ ಬ್ಯಾಟರಿ ಹಾಕಿದರು. ಕೆಲವು ದಿನ ನಡೆದು ಮತ್ತೆ ಅದೇ ಪಾಡು. ಎರಡನೆಯ ಗ್ಯಾರೇಜಿನಲ್ಲಿ ಸ್ಟಾರ್ಟರ್ ಬದಲಾಯಿತು, ಫಲ ಅಷ್ಟಕ್ಕಷ್ಟೆ. ಮಗಳ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟ ಹಣ ಹೀಗೆ ಕರಗಿತು. ಕೊನೆಗೆ ವಯಸ್ಸಾದ ಮೆಕ್ಯಾನಿಕರೊಬ್ಬರು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಇಂಜಿನ್ನಿನ ಲೋಹಕ್ಕೂ ಮುಟ್ಟಿಸಿ ಕೀಲಿಕೈ ತಿರುಗಿಸಲು ಹೇಳಿದರು. ಅಲ್ಲಿ ೦.೩ ವೋಲ್ಟಿಗಿಂತ ಹೆಚ್ಚು ಕಾಣಿಸಿದರೆ ದಾರಿಯಲ್ಲಿ ತಡೆಯಿದೆ ಎಂದರ್ಥ. ಅಂದು ಒಂದು ವೋಲ್ಟಿಗೂ ಮಿಗಿಲಾಗಿ ತೋರಿಸಿತು. ಅರ್ತಿಂಗ್ ತಂತಿಯ ಬುಡದಲ್ಲಿ ತುಕ್ಕು ಹಿಡಿದಿತ್ತು. ಬೋಲ್ಟ್ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿ ಮಾಡಿದರು. ಅಲ್ಲಿಗೆ ವ್ಯಾಧಿ ತೀರಿತು. ಆದರೆ ಅವರು ಕೂಲಿ ಕೇಳಿದಾಗ ‘ಒಂದು ಬೋಲ್ಟ್ ಉಜ್ಜಿದ್ದಕ್ಕೆ ಇಷ್ಟೊಂದೇ?’ ಎಂದು ಚೌಕಾಸಿ ನಡೆಯಿತಂತೆ. ಈ ಮಾತಿಗೆ ನಾವು ಮುಂದೆ ಬರುತ್ತೇವೆ.

ತಿರುಗಿದರೂ ಹೊತ್ತಿಕೊಳ್ಳದಿದ್ದರೆ

ಪೆಟ್ರೋಲ್ ಇಂಜಿನ್ನಿಗೆ ಬೇಕಾದುದು ಇಂಧನ, ಗಾಳಿ, ತಕ್ಕ ಒತ್ತಡ, ಸಕಾಲದಲ್ಲಿ ಕಿಡಿ. ಈ ನಾಲ್ಕರಲ್ಲಿ ಯಾವುದು ಕೊರತೆಯೆಂಬುದನ್ನು ಸ್ಪಾರ್ಕ್ ಪ್ಲಗ್ ಬಹುಮಟ್ಟಿಗೆ ಹೇಳುತ್ತದೆ. ಬಹಳ ಹೊತ್ತು ತಿರುಗಿಸಿದ ಬಳಿಕವೂ ಪ್ಲಗ್ ಒಣಗಿದ್ದರೆ ಇಂಧನ ತಲುಪುತ್ತಿಲ್ಲ. ಪೆಟ್ರೋಲಿನಲ್ಲಿ ತೊಯ್ದಿದ್ದರೆ ಇಂಧನ ಬಂದರೂ ಉರಿಯುತ್ತಿಲ್ಲ, ಅಥವಾ ಅತಿಯಾಗಿ ಬಂದಿದೆ. ಪ್ಲಗ್ ಬಿಚ್ಚಿ ಕಿಡಿ ನೋಡುವ ಕೆಲಸವನ್ನು ಮಾತ್ರ ಬಲ್ಲವರಿಗೇ ಬಿಡಬೇಕು; ಪೆಟ್ರೋಲಿನ ಆವಿಯಿರುವಲ್ಲಿ ಕಿಡಿ ಹಾರಿಸುವುದು ಅಪಾಯಕರ.

ಕಾರ್ಬ್ಯುರೇಟರ್ ಇದ್ದ ಹಳೆಯ ಕಾರುಗಳಲ್ಲಿ ಮುಂಜಾನೆ ಚೋಕ್ ಎಳೆಯುವುದು ರೂಢಿ. ಇಂದಿನ ಕಾರುಗಳಲ್ಲಿ ಆ ಕೆಲಸವನ್ನು ಗಣಕವೇ ಮಾಡುತ್ತದೆ. ಕೀಲಿಕೈಯನ್ನು ‘ಆನ್’ ಹಂತಕ್ಕೆ ತಿರುಗಿಸಿದಾಗ ಅನೇಕ ಕಾರುಗಳಲ್ಲಿ ಪೆಟ್ರೋಲ್ ತೊಟ್ಟಿಯ ಕಡೆಯಿಂದ ಒಂದೆರಡು ಸೆಕೆಂಡು ಪಂಪಿನ ಗುಂಯ್‌ಗುಡುವಿಕೆ ಕೇಳಿಸುತ್ತದೆ. ಎಂದೂ ಕೇಳಿಸುತ್ತಿದ್ದ ಆ ಸದ್ದು ಇಲ್ಲವಾದರೆ ಪಂಪು, ಅದರ ಫ್ಯೂಸ್ ಅಥವಾ ರಿಲೇಯನ್ನು ಶಂಕಿಸಬೇಕು. ಎರಡು ಮೂರು ಸಲ ಹೀಗೆ ಪಂಪನ್ನು ಓಡಿಸಿದ ಮೇಲೆ ಸುಲಭವಾಗಿ ಚಾಲೂ ಆದರೆ, ಕೊಳವೆಯಲ್ಲಿ ನಿಲ್ಲಬೇಕಾದ ಇಂಧನದ ಒತ್ತಡ ರಾತ್ರಿ ಇಳಿದುಹೋಗುತ್ತಿದೆ ಎಂದು ಊಹಿಸಬಹುದು. ಇಂಜಿನ್ನಿನ ಉಷ್ಣತೆಯನ್ನು ತಿಳಿಸುವ ಸೆನ್ಸರ್ ಸುಳ್ಳು ಹೇಳಿದರೆ ತಣ್ಣಗಿನ ಇಂಜಿನ್ನನ್ನು ಬಿಸಿಯೆಂದು ಬಗೆದು ಗಣಕವು ಇಂಧನ ಕಡಿಮೆ ಕೊಡುತ್ತದೆ. ಆಗ ಮುಂಜಾನೆ ಮಾತ್ರ ತೊಂದರೆ. ಬಿಸಿಯಾದಾಗ ಮಾತ್ರ ಹಟ ಮಾಡಿ ತಣಿದ ಮೇಲೆ ಸರಿಹೋಗುವ ಇಂಜಿನ್ನಿನಲ್ಲಿ ಅದರ ತಿರುಗುವಿಕೆಯನ್ನು ಗುರುತಿಸುವ ಸೆನ್ಸರ್ ಮೇಲೆ ಸಂಶಯ ತಾಳಬೇಕು. ಹೊತ್ತಿಕೊಂಡು ಕೂಡಲೇ ನಂದಿದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕೀಲಿಕೈಯನ್ನು ಗುರುತಿಸದಿರಬಹುದು. ಇನ್ನೊಂದು ಕೀಲಿಕೈಯಿಂದ ಪ್ರಯತ್ನಿಸುವುದು ಖರ್ಚಿಲ್ಲದ ಪರೀಕ್ಷೆ.

ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯ ಮಾತಿಲ್ಲ. ಗಾಳಿ ಒತ್ತಲ್ಪಟ್ಟು ಕಾಯುವುದರಿಂದಲೇ ಇಂಧನ ಉರಿಯುತ್ತದೆ. ಅಲ್ಲಿ ಚಳಿಗಾಲದ ತೊಂದರೆಗೆ ಗ್ಲೋ ಪ್ಲಗ್ಗನ್ನೂ, ಉಳಿದಂತೆ ಫಿಲ್ಟರಿನಲ್ಲಿ ಸೇರಿದ ನೀರು ಅಥವಾ ಕೊಳವೆ ಹೊಕ್ಕ ಗಾಳಿಯನ್ನೂ ಮೊದಲು ನೋಡಬೇಕು.

ಶೇಕಡಾ ೨೦ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥನಾಲ್ ನೀರಿನ ಪಸೆಯನ್ನು ಹೀರುವ ಗುಣದ್ದು. ಹಬ್ಬಕ್ಕೊಮ್ಮೆ ಮಾತ್ರ ಹೊರತೆಗೆಯುವ ಹಳೆಯ ಕಾರು ಇರುವವರು ಇಂಧನವನ್ನು ತಿಂಗಳುಗಟ್ಟಲೆ ಹಾಗೆಯೇ ಬಿಡದೆ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸುವುದು ಲೇಸು. ಬ್ಯಾಟರಿಗೂ ಅದು ಹಿತ.

ಮಾಡಬಾರದ ಕಾರ್ಯಗಳು

ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ನನ್ನು ಎಂದಿಗೂ ಓಡಿಸಬಾರದು. ಹೊರಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣಾಂತಕ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಸ್ಟಾರ್ಟರನ್ನು ದುಡಿಸದೆ ನಡುವೆ ಅರ್ಧ ನಿಮಿಷ ಬಿಡುವು ಕೊಡಬೇಕು. ಇನ್ನೊಂದು ಕಾರಿನ ಬ್ಯಾಟರಿಯಿಂದ ಶಕ್ತಿ ಪಡೆಯುವಾಗ ಮೊದಲು ಎರಡೂ ಬ್ಯಾಟರಿಗಳ ಧನ ತುದಿಗಳನ್ನು ಕೆಂಪು ತಂತಿಯಿಂದ ಜೋಡಿಸಬೇಕು. ಕಪ್ಪು ತಂತಿಯ ಒಂದು ತುದಿ ನೆರವಿನ ಬ್ಯಾಟರಿಯ ಋಣಕ್ಕೆ; ಕೊನೆಯ ತುದಿ ನಿಂತ ಕಾರಿನ ಬ್ಯಾಟರಿಯಿಂದ ದೂರವಿರುವ ಇಂಜಿನ್ ಲೋಹಕ್ಕೆ. ಬ್ಯಾಟರಿಯಿಂದ ಹೊಮ್ಮುವ ಜಲಜನಕ ಕಿಡಿ ತಾಗಿ ಸಿಡಿಯದಿರಲೆಂದು ಈ ಕ್ರಮ. ತಳ್ಳಿ ಚಾಲೂ ಮಾಡುವುದು ಕೈಯಿಂದ ಗೇರ್ ಹಾಕುವ ಕಾರುಗಳಿಗಷ್ಟೇ ಸಾಧ್ಯ. ಬ್ಯಾಟರಿ ಸೋತಾಗ ಅದು ಆಪದ್ಧರ್ಮ, ದಿನನಿತ್ಯದ ಪರಿಹಾರವಲ್ಲ.

ಅರಿವಿಗೂ ಬೆಲೆಯುಂಟು

ಈಗ ಆ ಮೆಕ್ಯಾನಿಕರ ಕೂಲಿಯ ಮಾತು. ಹೊಸ ಬ್ಯಾಟರಿಗೆ ಚಕಾರವೆತ್ತದೆ ಹಣ ಕೊಡುವ ನಾವು, ಕಾರಣ ಹುಡುಕಿದ ಅರ್ಧ ಗಂಟೆಗೆ ಹಣ ಕೊಡಲು ಹಿಂದೆಗೆಯುತ್ತೇವೆ. ವಸ್ತುವಿಗೆ ಬೆಲೆಯುಂಟು, ಅರಿವಿಗೆ ಇಲ್ಲವೆಂಬುದು ನಮ್ಮ ಲೆಕ್ಕಾಚಾರ. ಪರೀಕ್ಷೆಗೆ ಕೂಲಿ ದೊರೆಯದಿದ್ದಾಗ ದುಡಿಯುವವನು ಬಿಡಿಭಾಗ ಮಾರಿಯೇ ಹೊಟ್ಟೆ ಹೊರೆಯಬೇಕಾಗುತ್ತದೆ. ಅವನ ದೋಷದಲ್ಲಿ ಗಿರಾಕಿಯ ಪಾಲೂ ಇದೆ. ಅರಿವನ್ನೇ ಗುರುವೆಂದು ಬಗೆದ ಸಮಾಜಕ್ಕೆ ಇದು ಶೋಭೆಯಲ್ಲ.

ಕಸುಬುದಾರರಿಗೂ ಒಂದು ಮಾತು. ಗಣಕ ತೋರಿಸುವ ದೋಷ ಸಂಕೇತವು ಎಲ್ಲಿ ನೋಡಬೇಕೆಂದು ಹೇಳುತ್ತದೆ; ಏನನ್ನು ಕೊಳ್ಳಬೇಕೆಂದು ಹೇಳುವುದಿಲ್ಲ. ಅಳೆದು ನೋಡಿ, ಅಳತೆಯನ್ನು ಗಿರಾಕಿಗೆ ತೋರಿಸಿ, ತೆಗೆದ ಹಳೆಯ ಭಾಗವನ್ನು ಅವನ ಕೈಗೆ ಕೊಡುವುದೇ ಸತ್ಯಶುದ್ಧ ಕಾಯಕ.

ಪ್ರತಿಯೊಂದು ಮನೆಯವರೂ ಕಾರಿನಲ್ಲಿ ಒಂದು ಚಿಕ್ಕ ಪುಸ್ತಕವಿಟ್ಟು ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಲಕ್ಷಣ ಕಂಡಿತೆಂದು ಬರೆದಿಡಲಿ. ಗ್ಯಾರೇಜಿಗೆ ಹೋದಾಗ ‘ಇದನ್ನು ಬದಲಿಸಿ’ ಎನ್ನದೆ ‘ಕಾರಣ ಹುಡುಕಿ, ಹುಡುಕಿದ್ದಕ್ಕೆ ಕೂಲಿ ಕೊಡುತ್ತೇವೆ’ ಎನ್ನಲಿ. ಕಾಯಕಜೀವಿಯ ಹಣ ಉಳಿಯುತ್ತದೆ, ಬಲ್ಲವನ ಮಾನ ಉಳಿಯುತ್ತದೆ.