ಕುಣಿಯೋದು ಬೇಡ, ರಾಗಿ ಬೀಸೋಣ ಬನ್ನಿ

ವೃದ್ಧಾಶ್ರಮದಲ್ಲಿರುವವರನ್ನು ದಿನಕ್ಕೆ ಎಷ್ಟೋ ಕೈಗಳು ಮುಟ್ಟುತ್ತವೆ: ಎಬ್ಬಿಸುವುದಕ್ಕೆ, ಸ್ನಾನ ಮಾಡಿಸುವುದಕ್ಕೆ, ಬಿಪಿ ನೋಡುವುದಕ್ಕೆ. ಸುಮ್ಮನೆ ಜೊತೆಗಾಗಿ ಕೈ ಹಿಡಿಯುವವರು ಕಡಿಮೆ. ನೃತ್ಯ ಆ ಕೊರತೆಯನ್ನು ತುಂಬುತ್ತದೆ ಎಂಬುದು ನನ್ನ ಅನುಭವ.

ನಾನು ಮೈಸೂರಿನಲ್ಲಿ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತಿದ್ದವಳು. ಈಗ ವಾರಕ್ಕೊಮ್ಮೆ ಹಿರಿಯರ ಜೊತೆ ಕೂತು ಕುಣಿಯುತ್ತೇನೆ. ತಿಂಡಿ ಅರಗಿ, ಊಟಕ್ಕೆ ಇನ್ನೂ ಹೊತ್ತಿರುವಾಗ ಕೈಯಿರುವ ಗಟ್ಟಿ ಕುರ್ಚಿಗಳನ್ನು ದುಂಡಗೆ ಹಾಕುತ್ತೇವೆ. "ಈ ವಯಸ್ಸಲ್ಲಿ ಕುಣಿಯೋದೇನಮ್ಮಾ, ನೋಡ್ದೋರು ನಗಲ್ವಾ?" ಎನ್ನುವ ಅಜ್ಜಿಯರಿಗೆ ನಾನು ಹೇಳುವುದು ಇಷ್ಟೇ: "ಕುಣಿಯೋದು ಬೇಡ ಅಜ್ಜಿ, ರಾಗಿ ಬೀಸೋಣ ಬನ್ನಿ." ಬೀಸುಕಲ್ಲಿನ ಗೂಟ ಹಿಡಿದಂತೆ ಕೈ ತಿರುಗುತ್ತದೆ, ಹಿಂದೆಯೇ ಭುಜ, ಆಮೇಲೆ ಸೊಂಟ. ಮಕ್ಕಳ ಹೆಸರು ಮರೆತವರ ಕೈಯೂ ಮೊರದಲ್ಲಿ ಕೇರುವುದನ್ನು ಮರೆತಿರುವುದಿಲ್ಲ. ಮೈ ರೂಢಿಯಿಂದ ಕಲಿತದ್ದು ಮರೆವಿನ ಕಾಯಿಲೆಯಲ್ಲಿ ಬಹುಕಾಲ ಉಳಿಯುತ್ತದೆ.

ಒಬ್ಬರು ಬೆರಳನ್ನಷ್ಟೇ ಆಡಿಸಿದರೆ ನಾವೆಲ್ಲರೂ ಬೆರಳನ್ನೇ ಆಡಿಸುತ್ತೇವೆ. ಕನ್ನಡಿಯಂತೆ ಅನುಸರಿಸುವ ಈ ಕ್ರಮವನ್ನು ಬಳಕೆಗೆ ತಂದವರಲ್ಲಿ ಮೊದಲಿಗರು ಅಮೆರಿಕದ ನರ್ತಕಿ ಮರಿಯನ್ ಚೇಸ್. 1942ರಲ್ಲಿ ಅವರು ವಾಷಿಂಗ್ಟನ್‌ನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳೊಂದಿಗೆ ಕೆಲಸ ಶುರುಮಾಡಿದರು. ನಮ್ಮ ದೇಶದಲ್ಲಿ ನೃತ್ಯ ಚಿಕಿತ್ಸೆಗೆ ದಾರಿ ಮಾಡಿದವರಲ್ಲಿ ತ್ರಿಪುರಾ ಕಶ್ಯಪ್ ಪ್ರಮುಖರು. ಚಿಕಿತ್ಸೆ ಎನ್ನಬೇಕಾದರೆ ತರಬೇತಿ ಬೇಕು. ನಾನು ಚಿಕಿತ್ಸಕಿಯಲ್ಲ, ಅವರ ದಾರಿಯಲ್ಲಿ ನಡೆಯುವ ನೃತ್ಯದ ಟೀಚರ್.

ಎಲ್ಲರಿಗೂ ಇಷ್ಟ ಕೋಲಾಟ. ಗಿಡ್ಡ ಕೋಲು, ತುದಿಗೆ ಬಟ್ಟೆ, ಏಕೆಂದರೆ ಬರೀ ಮರದ ಸದ್ದು ಕಿವಿಯ ಮೆಷಿನ್ ಹಾಕಿದವರಿಗೆ ಹಿಂಸೆ. ಕೋಲಾಟದ ಗುಣವೆಂದರೆ ಜೋಡಿ ಬದಲಾಗುತ್ತಲೇ ಇರಬೇಕು. ಊಟದ ಮನೆಯಲ್ಲಿ ಮುಖ ತಿರುಗಿಸಿ ಕೂರುವ ಇಬ್ಬರೂ ಇಲ್ಲಿ ಕೋಲಿಗೆ ಕೋಲು ಕೊಡಲೇಬೇಕು.

ನ್ಯೂಯಾರ್ಕಿನ 75 ದಾಟಿದ 469 ಜನರ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಅಲ್ಲಿ ಪರಿಶೀಲಿಸಿದ ದೈಹಿಕ ಚಟುವಟಿಕೆಗಳಲ್ಲಿ ಮರೆವಿನ ಕಾಯಿಲೆಯ ಅಪಾಯ ಕಡಿಮೆ ಇದ್ದದ್ದಕ್ಕೆ ನಂಟು ಕಂಡದ್ದು ನೃತ್ಯಕ್ಕೆ ಮಾತ್ರ. ಕುಣಿದದ್ದರಿಂದಲೇ ಕಾಯಿಲೆ ತಪ್ಪಿತೆಂದು ಅದರಿಂದ ಹೇಳಲಾಗದು. ಕುಣಿಯುವಷ್ಟು ಗಟ್ಟಿಯಿದ್ದವರೇ ಕುಣಿದಿರಬಹುದು. ಪಾರ್ಕಿನ್ಸನ್ ವಿಚಾರ ಬೇರೆ. ಹೆಜ್ಜೆಗೆ ಒಳಗಿನಿಂದ ಸಿಗಬೇಕಾದ ಸೂಚನೆ ಅದರಲ್ಲಿ ಕುಂದುತ್ತದೆ, ಹೊರಗಿನ ತಾಳ ಆ ಸೂಚನೆಯಾಗಿ ನೆರವಾಗುತ್ತದೆ. ಬ್ರೂಕ್ಲಿನ್‌ನ ಮಾರ್ಕ್ ಮಾರಿಸ್ ನೃತ್ಯ ತಂಡ ಪಾರ್ಕಿನ್ಸನ್ ಇರುವವರಿಗಾಗಿ 2001ರಿಂದ ತರಗತಿ ನಡೆಸುತ್ತಿದೆ.

ಎಚ್ಚರವೂ ಬೇಕು. ಎದ್ದೊಡನೆ ಕೆಲವರ ಬಿಪಿ ಇಳಿದು ತಲೆ ತಿರುಗುತ್ತದೆ. ಸೊಂಟದ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಬರಬೇಕು. ಕೆಲವು ಹಾಡುಗಳು ತೀರಿಹೋದವರನ್ನು ನೆನಪಿಸಿ ಅಳಿಸುತ್ತವೆ. ಹಾಡು ನಿಲ್ಲಿಸಬೇಕೋ ಬೇಡವೋ ಎಂದು ಅಳುವವರನ್ನೇ ಕೇಳಬೇಕು.

ಬದುಕಿನ ಗುಣಮಟ್ಟ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಪಟ್ಟಿಯೊಂದಿದೆ. ದೇಹ, ಮನಸ್ಸು, ಸಂಬಂಧ, ಪರಿಸರ ಎಂಬ ನಾಲ್ಕು ಭಾಗಗಳಲ್ಲಿ ದೇಹ ಒಂದು ಮಾತ್ರ. ನಮ್ಮ ಆಶ್ರಮಗಳ ದಿನಚರಿಯೋ, ಬಹುಪಾಲು ಅದೊಂದರ ಸುತ್ತಲೇ ತಿರುಗುತ್ತದೆ.

ಅದಕ್ಕೇ ನನ್ನದೊಂದು ಹಠ: ಆಯಾಗಳು ಗೋಡೆಗೊರಗಿ ನೋಡುತ್ತ ನಿಲ್ಲಬಾರದು, ಸುತ್ತಿನಲ್ಲಿ ಕೂರಬೇಕು. ಹಾಗೆ ಕೂತ ಒಬ್ಬಾಕೆ, ತಾನು ನೋಡಿಕೊಳ್ಳುವ ಅಜ್ಜಿ ಎಡಗೈಯನ್ನು ತಾನಾಗಿಯೇ ಮೇಲೆತ್ತುವುದನ್ನು ಕೋಲಾಟದಲ್ಲಿ ಗಮನಿಸಿದಳು. ಈಗ ರವಿಕೆ ತೊಡಿಸುವಾಗ ಆ ತೋಳನ್ನು ತಾನು ಎಳೆಯುವುದಿಲ್ಲ. "ನೀವೇ ಹಾಕ್ಕೊಳ್ಳಿ ಅಜ್ಜಿ" ಎಂದು ಕಾಯುತ್ತಾಳೆ. ಹೊತ್ತು ಹಿಡಿಯುತ್ತದೆ, ನಿಜ. ಆ ಹೊತ್ತನ್ನು ಆಶ್ರಮದವರು ಕೊಡಬೇಕು, ತಿಂಗಳ ಹಣ ಕಟ್ಟುವ ಮಕ್ಕಳು ಅದನ್ನು ಕೇಳಬೇಕು.