ಮರಕುಟಿಗನ ತಲೆಯಲ್ಲಿ ಶಾಕ್ ಅಬ್ಸಾರ್ಬರ್ ಇದೆಯಾ?

ಹೋದ ಸೆಮಿಸ್ಟರ್ ಟೆಕ್ನಿಕಲ್ ಸೆಮಿನಾರಿಗೆ ನಾನು ತಗೊಂಡಿದ್ದ ಟಾಪಿಕ್ ಬಯೋಮಿಮಿಕ್ರಿ. ಅಂದ್ರೆ ಪ್ರಕೃತಿಯನ್ನು ನೋಡಿ ಕಲಿತು ಮಾಡುವ ವಿನ್ಯಾಸ. ಅದರಲ್ಲಿ ಒಂದು ಸ್ಲೈಡ್ ಮರಕುಟಿಗ ಹಕ್ಕಿಯದ್ದು. "ಇದರ ತಲೆಬುರುಡೆಯಲ್ಲಿ ಸ್ಪಂಜಿನಂಥ ಮೂಳೆ ಇದೆ, ಅದು ಶಾಕ್ ಅಬ್ಸಾರ್ಬರ್ ಥರ ಕೆಲಸ ಮಾಡುತ್ತೆ, ಅದಕ್ಕೇ ಈ ಹಕ್ಕಿಗೆ ತಲೆನೋವು ಬರಲ್ಲ" ಅಂತ ಧೈರ್ಯವಾಗಿ ಹೇಳಿದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಸರ್ ಒಂದೇ ಪ್ರಶ್ನೆ ಕೇಳಿದರು: "ಸುತ್ತಿಗೆಗೆ ರಬ್ಬರ್ ಸುತ್ತಿಕೊಂಡು ಯಾರಾದ್ರೂ ಮೊಳೆ ಹೊಡೀತಾರೇನಪ್ಪ?"

ಕ್ಲಾಸ್ ನಕ್ಕಿತು. ನಾನೂ ನಕ್ಕೆ. ಆದರೆ ಉತ್ತರ ಗೊತ್ತಿರಲಿಲ್ಲ. ಆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನೇ ಇಲ್ಲಿ ಬರೆದಿದ್ದೇನೆ. ಜೊತೆಗೆ ನಮ್ಮ ಹಾಸ್ಟೆಲ್ ಹಿಂದಿನ ಒಣಗಿದ ಗುಲ್‌ಮೊಹರ್ ಮರದ ಬಗ್ಗೆ ನಿಮ್ಮ ಹತ್ತಿರ ಒಂದು ಮಾತು ಹೇಳೋದಿದೆ, ಅದು ಕೊನೆಗೆ.

ಮೊದಲು ಹಕ್ಕಿ ಯಾವುದು ಅಂತ ನೋಡೋಣ

ನೆಲದ ಮೇಲೆ ಓಡಾಡುತ್ತಾ ಉದ್ದ ಕೊಕ್ಕಿನಿಂದ ಮಣ್ಣು ಕುಕ್ಕುವ, ತಲೆ ಮೇಲೆ ಬೀಸಣಿಗೆಯಂಥ ಜುಟ್ಟಿರುವ ಹಕ್ಕಿಯನ್ನು ತೋರಿಸಿ ಸುಮಾರು ಜನ "ಮರಕುಟಿಗ" ಅಂತಾರೆ. ಅದು ಚಂದ್ರಮುಕುಟ, ಮರ ಕುಟ್ಟುವ ಹಕ್ಕಿಯಲ್ಲ. ನಮ್ಮ ಕ್ಯಾಂಪಸ್ಸಿನಲ್ಲಿರುವ ನಿಜವಾದ ಮರಕುಟಿಗನ ಬೆನ್ನು ಚಿನ್ನದ ಹಳದಿ, ಬಾಲ ಕಪ್ಪು, ಜುಟ್ಟು ಕೆಂಪು. ಗಂಡಿಗೆ ನೆತ್ತಿ ಪೂರ್ತಿ ಕೆಂಪು. ಹೆಣ್ಣಿಗೆ ನೆತ್ತಿಯ ಮುಂಭಾಗ ಕಪ್ಪು, ಅದರ ಮೇಲೆ ಬಿಳಿ ಚುಕ್ಕಿ. ಹಾರುವಾಗ ಯಾರೋ ಜೋರಾಗಿ ನಕ್ಕ ಹಾಗೆ ಕೂಗುತ್ತೆ. ತೆಂಗಿನ ತೋಟ, ಊರ ಸಾಲುಮರ, ನಗರದ ಪಾರ್ಕು ಎಲ್ಲ ಕಡೆ ಇದು ಬದುಕುತ್ತದೆ.

ಜಗತ್ತಿನಲ್ಲಿ ಮರಕುಟಿಗ ಕುಟುಂಬದ 200ಕ್ಕೂ ಹೆಚ್ಚು ಜಾತಿಗಳಿವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಮಡಗಾಸ್ಕರ್ ಮತ್ತು ಅಂಟಾರ್ಕ್ಟಿಕಾದಲ್ಲಿ ಒಂದೂ ಇಲ್ಲ. ನಮ್ಮ ಪಶ್ಚಿಮ ಘಟ್ಟದಲ್ಲೇ ಕಾಗೆಯಷ್ಟು ದೊಡ್ಡ ಕಪ್ಪು ಮರಕುಟಿಗದಿಂದ ಹಿಡಿದು ಗುಬ್ಬಚ್ಚಿ ಗಾತ್ರದ ಪುಟಾಣಿ ಮರಕುಟಿಗದವರೆಗೆ ಹಲವು ಬಗೆಗಳಿವೆ. ಅಲ್ಲಿನ ಕಂದು ಬಣ್ಣದ ಒಂದು ಜಾತಿಯಂತೂ ಇರುವೆಗಳು ಕೊಂಬೆ ಮೇಲೆ ಚೆಂಡಿನ ಹಾಗೆ ಕಟ್ಟಿಕೊಂಡ ಗೂಡನ್ನೇ ಕೊರೆದು, ಅದರೊಳಗೆ ಮೊಟ್ಟೆ ಇಡುತ್ತದೆ. ಇರುವೆಗಳು ಒಳಗೆ ಇರುವಾಗಲೇ!

ಮೈಯೆಲ್ಲಾ ಟೂಲ್ ಕಿಟ್

ಮರಕುಟಿಗ ಮೂರು ಕಾರಣಕ್ಕೆ ಮರ ಕುಟ್ಟುತ್ತದೆ. ತೊಗಟೆಯೊಳಗಿನ ಹುಳ ಮತ್ತು ಇರುವೆ ತಿನ್ನೋಕೆ, ಗೂಡಿಗೆ ಪೊಟರೆ ಕೊರೆಯೋಕೆ, ಮತ್ತೆ "ಇದು ನನ್ನ ಜಾಗ" ಅಂತ ಸಾರೋಕೆ. ಮೂರನೆಯದು ಡೋಲು ಬಾರಿಸಿದ ಹಾಗೆ. ಬೇರೆ ಹಕ್ಕಿಗೆ ಹಾಡು ಹೇಗೋ ಇದಕ್ಕೆ ಈ ಡೋಲು ಹಾಗೆ. ಕೆಲವು ಜಾತಿಗಳು ಸೆಕೆಂಡಿಗೆ ಸುಮಾರು 20 ಸಲ ಬಡಿಯುತ್ತವೆ.

ಇದಕ್ಕೆ ತಕ್ಕ ಹಾಗೆ ದೇಹ ಇದೆ. ಹೆಚ್ಚಿನ ಜಾತಿಗಳಲ್ಲಿ ಕಾಲಿನ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಬಾಲದ ಗರಿ ಗಡಸು. ಅದನ್ನು ಕಾಂಡಕ್ಕೆ ಒತ್ತಿ ನಿಂತರೆ ಎರಡು ಕಾಲು, ಒಂದು ಬಾಲ, ಥೇಟ್ ಟ್ರೈಪಾಡ್. ಕೊಕ್ಕು ಮರಕ್ಕೆ ತಾಗುವ ಕ್ಷಣ ಮೊದಲೇ ಕಣ್ಣಿನ ಮೂರನೇ ರೆಪ್ಪೆ ಮುಚ್ಚಿಕೊಳ್ಳುತ್ತೆ. ಮೂಗಿನ ಹೊಳ್ಳೆಗೆ ಸಣ್ಣ ಗರಿಗಳ ಮುಚ್ಚಳ, ಮರದ ಪುಡಿ ಒಳಗೆ ಹೋಗದಿರಲಿ ಅಂತ. ಅಂಟು ಅಂಟಾದ ನಾಲಿಗೆ ಎಷ್ಟು ಉದ್ದ ಅಂದರೆ ಅದರ ಆಧಾರದ ಮೂಳೆ ತಲೆಬುರುಡೆಯ ಹಿಂದಿನಿಂದ ಸುತ್ತಿಕೊಂಡು ಹಣೆಯವರೆಗೆ ಬಂದಿರುತ್ತದೆ.

ಲೆಕ್ಕ ಎಲ್ಲಿ ತಪ್ಪಿತು?

1970ರ ದಶಕದಲ್ಲಿ ಅಮೆರಿಕದ ಫಿಲಿಪ್ ಮೇ ಮತ್ತು ಅವರ ಜೊತೆಗಾರರು ಹೈಸ್ಪೀಡ್ ಕ್ಯಾಮೆರಾದಲ್ಲಿ ಮರಕುಟಿಗನನ್ನು ಚಿತ್ರಿಸಿ ಅಳೆದರು. ಕೊಕ್ಕಿನ ವೇಗ ಸೆಕೆಂಡಿಗೆ 6ರಿಂದ 7 ಮೀಟರ್. ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಬಂದ ತಲೆ 2 ಮಿಲಿಮೀಟರ್ ಒಳಗೆ ನಿಂತಿತು ಅಂದುಕೊಳ್ಳಿ. ಪಿಯುಸಿಯಲ್ಲಿ ಕಲಿತ ಸೂತ್ರ ಹಾಕಿದರೆ 1,200 ಜಿ ದಾಟುತ್ತೆ, ಅಂದರೆ ಗುರುತ್ವದ ಸಾವಿರದ ಇನ್ನೂರು ಪಟ್ಟು. ನಮ್ಮ ತಲೆಗೆ ಇದರ ಅರ್ಧಕ್ಕಿಂತ ಕಡಿಮೆಯೇ ಸಾಕು, ಪ್ರಜ್ಞೆ ತಪ್ಪೋಕೆ. ಹಕ್ಕಿ ಮಾತ್ರ ಆರಾಮಾಗಿದೆ. ಯಾಕೆ?

ಈ ಪ್ರಶ್ನೆ ಎಷ್ಟು ಪ್ರಸಿದ್ಧ ಅಂದರೆ ಇದಕ್ಕೆ 2006ರಲ್ಲಿ ಇಗ್ ನೊಬೆಲ್ ಬಂತು, "ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ" ಸಂಶೋಧನೆಗೆ ಕೊಡುವ ಬಹುಮಾನ. ಸಿಕ್ಕಿದ್ದು ಇವಾನ್ ಶ್ವಾಬ್ ಮತ್ತು ಫಿಲಿಪ್ ಮೇ ಅವರಿಗೆ. ಸ್ಪಂಜಿನಂಥ ಮೂಳೆ, ಸೀಟ್ ಬೆಲ್ಟಿನಂತೆ ಸುತ್ತಿದ ನಾಲಿಗೆಯ ಮೂಳೆ, ಇವೇ ಆಘಾತವನ್ನು ಹೀರುತ್ತವೆ ಅನ್ನೋ ವಿವರಣೆ ಎಲ್ಲಾ ಕಡೆ ಹಬ್ಬಿತು. 2011ರಲ್ಲಿ ಬರ್ಕ್ಲಿಯ ಇಬ್ಬರು ಎಂಜಿನಿಯರುಗಳು ಇದೇ ವಿವರಣೆ ಇಟ್ಟುಕೊಂಡು, ಸಣ್ಣ ಗಾಜಿನ ಮಣಿ ತುಂಬಿದ ಅಲ್ಯೂಮಿನಿಯಂ ಕವಚ ಮಾಡಿ, 60,000 ಜಿ ಆಘಾತದಲ್ಲೂ ಎಲೆಕ್ಟ್ರಾನಿಕ್ಸ್ ಉಳಿಸಿಕೊಂಡರು. ಒಳ್ಳೇ ಕೆಲಸವೇ. ಆದರೆ ನಮ್ಮ ಡಿವೈಸ್ ಕೆಲಸ ಮಾಡಿತು ಅಂದ ಮಾತ್ರಕ್ಕೆ ಹಕ್ಕಿಯ ತಲೆಯೂ ಹಾಗೇ ಕೆಲಸ ಮಾಡುತ್ತೆ ಅಂತ ಸಾಬೀತಾಗಲ್ಲ.

ಹಕ್ಕಿಯನ್ನೇ ನೇರವಾಗಿ ಕೇಳಿದ್ದು 2022ರಲ್ಲಿ. ಬೆಲ್ಜಿಯಂನ ಸ್ಯಾಮ್ ವಾನ್ ವಾಸೆನ್‌ಬರ್ಗ್ ಮತ್ತು ತಂಡ ಮೂರು ಜಾತಿಯ ಮರಕುಟಿಗಗಳನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು, ಕೊಕ್ಕಿನ ಮೇಲಿನ ಬಿಂದು ಮತ್ತು ತಲೆಯ ಮೇಲಿನ ಬಿಂದು ಎರಡನ್ನೂ ಹಿಂಬಾಲಿಸಿತು. ನಡುವೆ ಶಾಕ್ ಅಬ್ಸಾರ್ಬರ್ ಇದ್ದಿದ್ದರೆ ಕೊಕ್ಕು ಗಕ್ಕನೆ ನಿಲ್ಲಬೇಕು, ತಲೆ ನಿಧಾನವಾಗಿ ನಿಲ್ಲಬೇಕು. ಹಾಗಾಗಲೇ ಇಲ್ಲ, ಎರಡೂ ಒಟ್ಟಿಗೇ ನಿಂತವು. ತಲೆ ಗಟ್ಟಿ ಸುತ್ತಿಗೆಯಂತೆ ವರ್ತಿಸಿತು. ಶಾಕ್ ಹೀರಿಕೊಂಡರೆ ಮರಕ್ಕೆ ಹೋಗಬೇಕಾದ ಶಕ್ತಿ ವ್ಯರ್ಥ ಅಂತ ಅವರ ಕಂಪ್ಯೂಟರ್ ಮಾಡೆಲ್ ಕೂಡ ತೋರಿಸಿತು. ನಮ್ಮ ಸರ್ ಕೇಳಿದ್ದೂ ಅದನ್ನೇ.

ಹಾಗಾದರೆ ಮೆದುಳು ಹೇಗೆ ಉಳಿಯುತ್ತೆ? ಚಿಕ್ಕದಾಗಿರೋದ್ರಿಂದ! ಎಂಐಟಿಯ ಲೋರ್ನಾ ಗಿಬ್ಸನ್ ಇದನ್ನು 2006ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ತುಂಬಿದ ಬಸ್ಸಿಗೆ ಬ್ರೇಕ್ ಬಿದ್ದಾಗ ಏನಾಗುತ್ತೆ ನೆನಪಿಸಿಕೊಳ್ಳಿ. ಹಿಂದಿರೋರೆಲ್ಲ ಮುಂದಿರೋನ ಮೇಲೆ ಬೀಳ್ತಾರೆ. ಹಿಂದೆ ಇಬ್ಬರೇ ಇದ್ದರೆ ಪರವಾಗಿಲ್ಲ, ಹದಿನಾರು ಜನ ಇದ್ದರೆ ಕಥೆ ಮುಗೀತು. ಮೆದುಳಿನಲ್ಲೂ ಹಾಗೇ. ಒತ್ತಡ ಅಂದರೆ ಸುಮಾರಾಗಿ ಸಾಂದ್ರತೆ, ವೇಗ ಇಳಿಕೆಯ ದರ ಮತ್ತು ಮೆದುಳಿನ ಉದ್ದ, ಈ ಮೂರರ ಗುಣಲಬ್ಧ. ಹಕ್ಕಿಯ ಮೆದುಳು 2 ಸೆಂ.ಮೀ., ನಮ್ಮದು 16 ಸೆಂ.ಮೀ. ಅಂತ ಇಟ್ಟುಕೊಂಡರೆ ಒಂದೇ ಹೊಡೆತಕ್ಕೆ ನಮ್ಮ ಮೇಲಿನ ಒತ್ತಡ ಎಂಟು ಪಟ್ಟು. ಜೊತೆಗೆ ಪ್ರತಿ ಹೊಡೆತದ ಅವಧಿಯೂ ತೀರಾ ಕಡಿಮೆ.

ಅಂದರೆ ಮರಕುಟಿಗನನ್ನು ನೋಡಿ ಹೆಲ್ಮೆಟ್ ಮಾಡೋದು ಕಷ್ಟ. ಅದರ ಉಪಾಯ "ಚಿಕ್ಕ ತಲೆ ಇರಲಿ" ಅನ್ನೋದು, ಅದನ್ನು ನಾವು ಕಾಪಿ ಹೊಡೆಯೋಕಾಗಲ್ಲ. ಚಂದದ ಕಥೆ ಅಂತ ಪಿಪಿಟಿಗೆ ಹಾಕುವ ಮೊದಲು "ಇದನ್ನು ಯಾರಾದ್ರೂ ಅಳೆದಿದ್ದಾರಾ?" ಅಂತ ಕೇಳಬೇಕು ಅನ್ನೋದು ನನಗೆ ಸಿಕ್ಕ ಪಾಠ.

ಹೆಸರಲ್ಲೇ ಉತ್ತರ ಇತ್ತು

ಕನ್ನಡದಲ್ಲಿ ಇದು ಮರ ಕುಟ್ಟುವವನು. ಸಂಸ್ಕೃತದ ಅಮರಕೋಶದಲ್ಲಿ ಇದರ ಒಂದು ಹೆಸರು ದಾರ್ವಾಘಾಟ, ದಾರು ಅಂದರೆ ಮರ, ಅದಕ್ಕೆ ಹೊಡೆಯುವುದು. ನಮ್ಮ ಹಿಂದಿನವರು ಸುತ್ತಿಗೆ ಕೆಲಸವನ್ನೇ ನೋಡಿ ಹೆಸರಿಟ್ಟಿದ್ದಾರೆ. ಪ್ರಾಚೀನ ರೋಮನ್ನರಿಗೆ ಇದು ಯುದ್ಧದೇವತೆ ಮಾರ್ಸ್‌ನ ಪವಿತ್ರ ಹಕ್ಕಿ. ರೋಮ್ ಕಟ್ಟಿದ ಅವಳಿ ಮಕ್ಕಳಿಗೆ ತೋಳ ಹಾಲು ಕೊಟ್ಟರೆ ಮರಕುಟಿಗ ಆಹಾರ ತಂದುಕೊಟ್ಟಿತು ಅಂತ ಅವರ ಕಥೆ.

ನನಗೆ ತುಂಬಾ ಇಷ್ಟವಾಗಿದ್ದು ಬೌದ್ಧರ ಜಾತಕ ಕಥೆ. ಸಿಂಹದ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿರುತ್ತದೆ. ಮರಕುಟಿಗನಾಗಿ ಹುಟ್ಟಿದ್ದ ಬೋಧಿಸತ್ವ ಸಹಾಯಕ್ಕೆ ಬರುತ್ತಾನೆ. ಆದರೆ ಸುಮ್ಮನೆ ಬಾಯೊಳಗೆ ನುಗ್ಗಲ್ಲ. ಸಿಂಹದ ಎರಡು ದವಡೆಗಳ ಮಧ್ಯೆ ಕಡ್ಡಿ ನಿಲ್ಲಿಸಿ, ಬಾಯಿ ಮುಚ್ಚದ ಹಾಗೆ ಮಾಡಿ, ಆಮೇಲೆ ಒಳಗೆ ಹೋಗಿ ಕೊಕ್ಕಿನಿಂದ ಹೊಡೆದು ಮೂಳೆ ಬೀಳಿಸುತ್ತಾನೆ. ಸೇಫ್ಟಿ ಫಸ್ಟ್! ಮುಂದೊಂದು ದಿನ ಬೇಟೆ ತಿನ್ನುತ್ತಿದ್ದ ಸಿಂಹವನ್ನು "ನನಗೇನಾದರೂ ಕೊಡ್ತೀಯಾ?" ಅಂತ ಕೇಳಿದರೆ, "ನನ್ನ ಬಾಯಿಂದ ಜೀವ ಸಮೇತ ಹೊರಗೆ ಬಂದೆಯಲ್ಲ, ಅದೇ ಹೆಚ್ಚು" ಅನ್ನುತ್ತದೆ ಸಿಂಹ. ಹಕ್ಕಿ ಸಿಟ್ಟು ಮಾಡಿಕೊಳ್ಳದೆ ಹಾರಿ ಹೋಗುತ್ತದೆ.

ಈಗ ಆ ಗುಲ್‌ಮೊಹರ್ ಮರ

ಮರಕುಟಿಗ ಗೂಡು ಕೊರೆಯೋದು ಹೆಚ್ಚಾಗಿ ಒಣಗಿದ, ಒಳಗೆ ಮೆತ್ತಗಾದ ಮರದಲ್ಲಿ. ಅದು ಬಿಟ್ಟುಹೋದ ಪೊಟರೆಗೆ ಆಮೇಲೆ ಗಿಳಿ, ಗೊರವಂಕ, ಮಡಿವಾಳ, ಹಾಲಕ್ಕಿ ಬರುತ್ತವೆ. ಇವುಗಳಿಗೆ ಮರ ಕೊರೆಯೋ ಕೊಕ್ಕು ಇಲ್ಲ. ಒಂದು ಒಣಮರ ಹೋದರೆ ಹೋಗೋದು ಒಂದು ಸಂಸಾರ ಅಲ್ಲ, ಇಡೀ ಹಾಸ್ಟೆಲ್.

ನಮ್ಮ ಗುಲ್‌ಮೊಹರ್‌ಗೆ ಕಡಿಯೋಕೆ ಬಿಳಿ ಪೇಂಟಿನ ಗುರುತು ಬಿದ್ದಿದೆ. ಗಾಳಿಗೆ ಕೊಂಬೆ ಮುರಿದು ಯಾರ ತಲೆ ಮೇಲಾದರೂ ಬಿದ್ದರೆ ಅನ್ನೋ ಭಯ ಸರಿಯಾದದ್ದೇ. ಆದರೆ ಪೊಟರೆ ಇರೋದು ಮುಖ್ಯ ಕಾಂಡದಲ್ಲಿ, ಕಣ್ಣಾರೆ ನೋಡಿದ್ದೇನೆ, ಜೋಡಿ ಒಳಗೆ ಹೋಗಿ ಬರ್ತಾ ಇದೆ. ದಾರಿ ಮೇಲೆ ಚಾಚಿದ ಕೊಂಬೆಗಳನ್ನು ಮಾತ್ರ ಕತ್ತರಿಸಿ, ಕಾಂಡ ಗಟ್ಟಿಯಿದೆಯಾ ಅಂತ ಪರೀಕ್ಷೆ ಮಾಡಿಸಿ, ಸುತ್ತ ಹಗ್ಗ ಕಟ್ಟಿದರೆ ಎರಡೂ ಕೆಲಸ ಆಗುತ್ತೆ. ಕೊನೇ ಪಕ್ಷ ಮರಿಗಳು ಹಾರುವವರೆಗಾದರೂ ಕಾಯಲಿ ಅಂತ ಮನವಿ ಬರೆದು ಕನ್ನಡ ಸಂಘದ ನೋಟಿಸ್ ಬೋರ್ಡ್ ಹತ್ತಿರ ಇಟ್ಟಿದ್ದೇವೆ.

ಸಹಿ ಹಾಕೋ ಮೊದಲು ಬೆಳಿಗ್ಗೆ ಆರೂವರೆಗೆ ಒಂದು ಸಲ ಹೋಗಿ ನೋಡಿ ಬನ್ನಿ. ಅಳೆಯದೆ ನಂಬಬಾರದು ಅಂತ ಈಗಷ್ಟೇ ಹೇಳಿದ್ದೇನಲ್ಲ.